ಬಿಳಿ ಹಿಡಿಯ ಕಠಾರಿ

ಹಳೇ ಹಡಗುಕಟ್ಟೆಗೆ ಹೋಗುವ ಸೇತುವೆಯ ಕೆಳಗೆ ಭಾನುವಾರ ಬೆಳಿಗ್ಗೆ ಹಳೆಯ ಸಾಮಾನಿನ ಸಂತೆ ಸೇರುತ್ತದೆ. ಅಲ್ಲಿ ಯಾರಾದರೂ ಬಿಳಿ ಹಿಡಿಯ ಕಠಾರಿ ತಂದು "ಇದು ದಂತವೇನ್ರೀ?" ಎಂದು ಕೇಳಿದರೆ ಜನ ಮೂಲೆಯಲ್ಲಿ ಕೂತ ಒಬ್ಬ ಮುದುಕನ ಕಡೆ ಕೈ ತೋರಿಸುತ್ತಾರೆ. ಮುದುಕ ಅದನ್ನು ಬೆರಳಲ್ಲೂ ಮುಟ್ಟುವುದಿಲ್ಲ. "ಬಿಚ್ಚಿ ನೋಡಿ" ಅನ್ನುತ್ತಾನೆ, ಮುಖ ತಿರುಗಿಸುತ್ತಾನೆ. ಎಂಥಾ ಜಂಭ ಈ ಮುದುಕನಿಗೆ ಅಂತ ಹೊಸಬರು ಗೊಣಗುತ್ತಾರೆ. ಜಂಭವಂತೆ ಜಂಭ! ಜಂಭ ಇದ್ದ ಕಾಲದಲ್ಲಿ ಇವರು ಅವನನ್ನು ನೋಡಬೇಕಿತ್ತು.

ಆಗ ಅವನ ಹೆಸರು ತುಟಿರಾಯ. ಹೆತ್ತವರು ಇಟ್ಟ ಹೆಸರಲ್ಲ, ಸಂತೆಯ ಪೋಲಿಗಳು ಇಟ್ಟದ್ದು. ಯಾವ ಹಿಡಿಯನ್ನೇ ಕೊಡಿ, ಕಣ್ಣು ಮುಚ್ಚಿ ತುಟಿಗೆ ಒತ್ತಿ ಹಿಡಿಯುತ್ತಿದ್ದ. ದಂತವಾದರೆ ತಣ್ಣಗೆ ಕೊರೆಯುತ್ತದೆ, ಬೇಗ ಬಿಸಿಯಾಗುವುದಿಲ್ಲ. ಸೆಲ್ಯುಲಾಯ್ಡ್ ಆದರೆ ತುಟಿಯ ಬಿಸಿಗೆ ತಾನೂ ಬೆಚ್ಚಗಾಗಿಬಿಡುತ್ತದೆ. ಸೆಲ್ಯುಲಾಯ್ಡ್ ಅಂದರೆ ಹಿಂದೆ ಬಾಚಣಿಗೆ, ಗೊಂಬೆ ಎಲ್ಲ ಮಾಡುತ್ತಿದ್ದರಲ್ಲ, ಆ ನಕಲಿ ದಂತ. "ನನ್ನ ತುಟಿ ಸುಳ್ಳು ಹೇಳಲ್ಲ" ಅನ್ನುವುದು ಅವನ ಮಾತು. ಅವನು ದಂತ ಅಂದರೆ ಅದು ದಂತ, ಅಲ್ಲ ಅಂದರೆ ಅಲ್ಲ. ಎದುರಾಡುವ ಗಂಡಸು ಆ ಸಂತೆಯಲ್ಲಿ ಇರಲಿಲ್ಲ.

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಕಟ್ಟುಹಲ್ಲು. ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂಭಾಗದಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ, ಅದರಲ್ಲಿ ಅವನ ಮೇಜು, ಮೇಣ ಕರಗಿಸುವ ದೀಪ, ಊರಿನವರ ಬಾಯಿಗಳ ಅಚ್ಚುಗಳು ಸಾಲುಸಾಲಾಗಿ. ಒಸಡಿನ ಬಣ್ಣದ ಪುಡಿಗೆ ಒಂದು ಘಾಟು ದ್ರವ ಬೆರೆಸಿ ಕಲಸಬೇಕು. ಜೀವಮಾನವೆಲ್ಲ ಆ ಘಾಟು ಕುಡಿದು ಅವನ ಮೂಗು ಸತ್ತೇ ಹೋಗಿತ್ತು. "ಒಲೆ ಮೇಲೆ ಹಾಲು ಸೀದು ಇದ್ದಿಲಾದ್ರೂ ಇವರಿಗೆ ಗೊತ್ತಾಗಲ್ಲ ಬಿಡಿ" ಅಂತ ಹೆಂಡತಿ ಬಂದವರ ಮುಂದೆಲ್ಲ ನಗುತ್ತಿದ್ದಳು. ಅವನೂ ನಗುತ್ತಿದ್ದ. ಮೂಗು ಹೋದರೇನು, ತುಟಿ ಇದೆಯಲ್ಲ!

ಅವನು ಕೂಡಿಹಾಕುತ್ತಿದ್ದದ್ದು ನೌಕಾಪಡೆಯ ಹಳೇ ಅಧಿಕಾರಿಗಳ ಕಠಾರಿಗಳನ್ನು ಮಾತ್ರ. ಅವು ಯಾರನ್ನೂ ಇರಿಯಲು ಮಾಡಿದವಲ್ಲ. ಮೆರವಣಿಗೆಗೆ, ಔತಣಕ್ಕೆ ಬಿಳಿ ಕೋಟು ತೊಟ್ಟಾಗ ಸೊಂಟದಿಂದ ತೂಗಾಡಲಿ ಅಂತ ಮಾಡಿದ ಒಡವೆಗಳು. ಅಲಗಿನ ಮೇಲೆ ಹಾಯಿಹಡಗು, ಲಂಗರು, ಅಲೆಗಳ ಕೊರೆತ. ಒರೆಗೆ ಎರಡು ಬಳೆ. ಹಿಡಿಯ ನೆತ್ತಿಯಲ್ಲಿ ಮುಚ್ಚಳದ ಹಾಗೆ ಹಿತ್ತಾಳೆಯ ಗುಬ್ಬಿ. ನಕಲಿಯನ್ನು ಅವನು ಮಾರು ದೂರದಿಂದ ಹಿಡಿಯುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. "ಎಡಸೊಂಟಕ್ಕೆ ತೂಗೋ ವಸ್ತು ಕಣ್ರೀ ಇದು. ಒಳಮೈ ಕೋಟಿಗೆ ಉಜ್ಜಿ ಉಜ್ಜಿ ಚಿನ್ನದ ನೀರು ಹೋಗಿರಬೇಕು, ಹೊರಮೈಯಲ್ಲಿ ಉಳಿದಿರಬೇಕು. ಎರಡೂ ಕಡೆ ಸಮನಾಗಿ ಸವೆದಿದೆ ಅಂದ್ರೆ ಯಾವನೋ ಹೋದ ತಿಂಗಳು ಉಪ್ಪುಕಾಗದ ಹಿಡಕೊಂಡು ಕೂತಿದ್ದ ಅಂತ ಅರ್ಥ" ಎಂದು ಎಲ್ಲರ ಮುಂದೆ ಹೇಳಿ ಮಾರುವವನ ಮುಖ ಇಂಗು ತಿಂದ ಮಂಗನ ಹಾಗೆ ಮಾಡಿಬಿಡುತ್ತಿದ್ದ.

ಮನೆಯ ಮುಂದಿನ ಕೋಣೆಯಲ್ಲಿ ಅವುಗಳಿಗೆಂದೇ ಒಂದು ಗಾಜಿನ ಬೀರು. ಆ ಕೋಣೆಯಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ತಾಯಿಯ ಮಂಚವನ್ನೂ ಅಲ್ಲೇ ಹಾಕಿದರು. ಬೀರು ಅವಳ ತಲೆದೆಸೆಗೆ ಬಂತು. ಅವಳು ತಾನಾಗಿ ಎದ್ದು ಕೂರುವಂತಿರಲಿಲ್ಲ. ಬಾಯಿ ಮಾತ್ರ ಚೆನ್ನಾಗಿ ಓಡಾಡುತ್ತಿತ್ತು. "ಗಂಡನ ಮನೇಲಿ ಸೌಟು ಹಿಡಿದು ಸವೆದೆ, ಈಗ ಮಗ ತಲೆ ಮೇಲೆ ಆಯುಧ ಹೊಂದಿಸಿ ಕಾವಲು ಕೂರಿಸಿದಾನೆ ನೋಡು" ಅಂತ ಸೊಸೆಗೆ ಹೇಳಿ ಇಬ್ಬರೂ ನಗುತ್ತಿದ್ದರು. ಬಟ್ಟಲಿನ ನೀರಿನಲ್ಲಿ ಮಗನೇ ಮಾಡಿಕೊಟ್ಟ ಹಲ್ಲಿನ ಸೆಟ್ಟು, ಪಕ್ಕದಲ್ಲಿ ಕೊಕ್ಕೆ ಹಿಡಿಯ ಕಬ್ಬಿಣದ ಊರುಗೋಲು. ನಡೆಯಲು ಬಾರದಿದ್ದರೂ ಆ ಕೋಲಿನಿಂದ ಕಿಟಕಿ ತೆಗೆಯುವುದು, ಪರದೆ ಎಳೆಯುವುದು, ಸೊಸೆಯನ್ನು ಕರೆಯಲು ಗೋಡೆ ಕುಟ್ಟುವುದು ಎಲ್ಲ ನಡೆಯುತ್ತಿತ್ತು.

ಬಿಳಿ ಹಿಡಿಯ ಕಠಾರಿ ಸಿಕ್ಕಿದ್ದು ಮಾತಾಡಿದರೆ ಬಾಯಿಂದ ಹೊಗೆ ಬರುವಂಥ ಒಂದು ಚಳಿಯ ಬೆಳಿಗ್ಗೆ. ಹಾಲಿನ ಕೆನೆಯ ಬಣ್ಣದ ಹಿಡಿ, ಸಣ್ಣ ಸಣ್ಣ ಗೆರೆ, ಅದರ ಸುತ್ತ ತಿರುಪಿದ ಹಿತ್ತಾಳೆ ತಂತಿ. ಒಳಮೈ ಸವೆದಿತ್ತು, ಹೊರಮೈ ಉಳಿದಿತ್ತು, ಅಲಗಿನ ಹಡಗು ಕೂದಲೆಳೆಯಷ್ಟೂ ಮಾಸಿರಲಿಲ್ಲ. ಅಸಲಿ ಅನ್ನುವುದರಲ್ಲಿ ಎರಡು ಮಾತಿಲ್ಲ. ಕೇಳಬೇಕಾದದ್ದು ಹಿಡಿ ಯಾತರದ್ದು ಅನ್ನುವುದಷ್ಟೇ. ತುಟಿರಾಯ ಅದನ್ನು ತುಟಿಗೆ ಒತ್ತಿದ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

"ದಂತ!" ಅಂದ.

ಪಕ್ಕದಲ್ಲಿದ್ದ ಅವನ ಹಳೇ ಗೆಳೆಯ, ಗಡಿಯಾರ ರಿಪೇರಿಯವನು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. "ಗೆರೆ ಎಲ್ಲ ಒಂದೇ ಕಡೆಗೆ ಓಡ್ತಿದೆಯಲ್ಲಯ್ಯಾ. ದಂತ ಆದ್ರೆ ತುದಿ ಕೊಯ್ದ ಕಡೆ ಬಲೆ ಹಾಗೆ ಒಂದನ್ನೊಂದು ದಾಟಿರಬೇಕು. ಗುಬ್ಬಿ ಬಿಚ್ಚು, ಅಡಿಯಲ್ಲಿ ನೋಡೇ ಬಿಡೋಣ" ಅಂದ.

ಗುಬ್ಬಿ ಬಿಚ್ಚುವುದು! ಆ ಮಾತು ಕೇಳಿ ಸುತ್ತಲಿದ್ದವರು ನಾಲಿಗೆ ಕಚ್ಚಿಕೊಂಡರು. ಈ ಕಠಾರಿಯ ಗುಬ್ಬಿ ತಿರುಪಿನದಲ್ಲ, ಹಿಡಿಯೊಳಗೆ ಹಾಯ್ದ ಅಲಗಿನ ಬಾಲದ ತುದಿಯನ್ನು ಅದರ ಮೇಲೆ ಬಡಿದು ಕೂರಿಸಿದ್ದು. ಮಾಡಿದವನು ಬಡಿದದ್ದು ಬಡಿದ ಹಾಗೇ ಇದೆ, ಯಾರೂ ಎಂದೂ ಬಿಚ್ಚಿಲ್ಲ ಅನ್ನುವುದೇ ಅವರ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಮರ್ಯಾದೆ. ಅಂಥದ್ದನ್ನು ಬಿಚ್ಚಿದವನನ್ನು ಹತ್ತಿರ ಸೇರಿಸುವುದಿಲ್ಲ.

"ನಿನ್ನ ಗಡಿಯಾರ ಬಿಚ್ಚಿದ ಹಾಗಲ್ಲ ಇದು. ನನ್ನ ತುಟಿ ಮೇಲೆ ನಂಬಿಕೆ ಇಲ್ವಾ?" ಎಂದು ತುಟಿರಾಯ ಕೇಳಿದ.

"ತುಟಿ ಮೇಲಿದೆ. ಈ ಚಳಿ ಮೇಲಿಲ್ಲ" ಅಂದ ಗೆಳೆಯ.

ಸುತ್ತಲಿನವರು ಗೊಳ್ಳೆಂದು ನಕ್ಕರು. ಅಷ್ಟೇ ಸಾಕಾಯಿತು. ತುಟಿರಾಯನಿಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚಿನವನೇ, ಕುರುಡನೇ ಅಂತ ಬಾಯಿಗೆ ಬಂದಂತೆ ಅಂದ. ಅವತ್ತಿನಿಂದ ಇಬ್ಬರಿಗೂ ಮಾತು ಬಿಟ್ಟುಹೋಯಿತು. ಬಿಳಿ ಹಿಡಿಯ ಕಠಾರಿ ಬೀರುವಿನ ನಡುಮಧ್ಯೆ, ಕೆಂಪು ಮಖಮಲ್ಲಿನ ಮೇಲೆ, ಬೇರೆಲ್ಲ ಕಠಾರಿಗಳ ಯಜಮಾನನ ಹಾಗೆ ಕೂತಿತು.

ಸಮುದ್ರದ ಗಾಳಿ ಉಕ್ಕನ್ನು ತಿನ್ನುತ್ತದೆ. ಹಾಗಾಗಿ ತುಟಿರಾಯ ಬೀರುವಿನ ಬಾಗಿಲ ಸಂದಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ, ಒಳಗೆ ತೇವ ನಿಲ್ಲದಿರಲಿ ಅಂತ ಒಂದು ಬಲ್ಬು ಕೂರಿಸಿ ಹಗಲೂ ಇರುಳೂ ಉರಿಯಲು ಬಿಟ್ಟ. ಹೆತ್ತ ಮಗುವನ್ನೂ ಯಾರೂ ಅಷ್ಟು ಬೆಚ್ಚಗೆ ನೋಡಿಕೊಂಡಿರಲಾರರು. ಗಾಳಿಯಾಡದ ಪೆಟ್ಟಿಗೆ, ಒಳಗೆ ಕಾವು, ನಡುವೆ ಆ ಬಿಳಿ ಹಿಡಿ. ಅದರಿಂದ ಒಂದು ಮೊಳ ದೂರದಲ್ಲಿ ತಾಯಿಯ ತಲೆದಿಂಬು.

ಚಳಿ ಕಳೆದು ಬಿಸಿಲು ಏರಿತು. ಒಂದು ದಿನ ತಾಯಿ, "ಲೋ, ಏನೋ ಕರ್ಪೂರದ ವಾಸನೆ ಬರ್ತಿದೆ ಕಣೋ" ಅಂದಳು. ಅವನು ಮೂಗರಳಿಸಿದ, ಏನೂ ಇಲ್ಲ ಅಂದ. ಅವನ ಮೂಗಿಗೆ ಏನು ತಾನೇ ಇತ್ತು! ಇನ್ನಷ್ಟು ದಿನ ಕಳೆದ ಮೇಲೆ, "ಕರ್ಪೂರ ಹೋಯ್ತು, ಈಗ ಹುಳಿ ಹುಳಿ. ಕಣ್ಣೆಲ್ಲ ಉರೀತಿದೆ" ಅಂದಳು. ಹೆಂಡತಿಯೂ ಹೌದು ಅಂದಳು. ಬೀರುವಿನ ಹತ್ತಿರ ನಿಂತು ಗುಡಿಸಿದರೆ ತನಗೂ ಗಂಟಲು ಕೆರೆಯುತ್ತದೆ ಅಂದಳು.

"ಚರಂಡಿದು" ಅಂದ ಅವನು.

"ಚರಂಡಿ ಹಿತ್ತಲಲ್ಲಿದೆ, ರೀ. ಇದು ಮುಂದಿನ ಕೋಣೆ."

"ಅತ್ತೆ ಸೊಸೆ ಇಬ್ಬರೂ ಸೇರಿ ನನ್ನ ಬೀರು ಹೊರಗೆ ಹಾಕಿಸಬೇಕು ಅಂತ ಮಾಡಿದೀರಿ, ನನಗೆ ಗೊತ್ತಿಲ್ವಾ?"

ವಾಸನೆ ತಿಳಿಯದಿದ್ದರೆ ಹೋಗಲಿ, ಕಣ್ಣಿಗೆ ಕಂಡದ್ದಾದರೂ ತಿಳಿಯಬೇಡವೇ? ಮೊದಲು ಬಿಳಿ ಹಿಡಿಗೆ ಸುತ್ತಿದ ತಂತಿಯಲ್ಲಿ ಹಸಿರು ಚುಕ್ಕೆ ಕಾಣಿಸಿತು. ಆಮೇಲೆ ಅದರ ಎಡಬಲದ ಕಠಾರಿಗಳಲ್ಲಿ. ಆಮೇಲೆ ಅವುಗಳಾಚೆಯವುಗಳಲ್ಲಿ. ದೂರದ ಮೂಲೆಯವು ಇನ್ನೂ ಹೊಳೆಯುತ್ತಿದ್ದವು. ಮಖಮಲ್ಲು ಆ ಹಿಡಿಯ ಕೆಳಗೆ ಮಾತ್ರ ಕಂದಿ ಪುಡಿಯಾಗಿತ್ತು. ಸವೆತ ನೋಡಿ ಯಾವ ಅಧಿಕಾರಿ ಯಾವ ಕಡೆ ತಿರುಗಿ ಕೂರುತ್ತಿದ್ದ ಎಂದು ಹೇಳಬಲ್ಲವನಿಗೆ, ಎಲ್ಲ ಆ ಯಜಮಾನ ಕಠಾರಿಯಿಂದಲೇ ಹಬ್ಬುತ್ತಿದೆ ಅನ್ನುವುದು ಕಾಣಲಿಲ್ಲ. ಕಂಡಿರಬೇಕು, ಒಪ್ಪಲಿಲ್ಲ. ಒಂದು ಬೆಳಿಗ್ಗೆ ಹಿಡಿಯ ಮೈಮೇಲೆ ಬೆವರಿನ ಹಾಗೆ ಸಣ್ಣ ಹನಿಗಳು ನಿಂತಿದ್ದವು. ಅಯ್ಯೋ, ತೇವ ಒಳಗೆ ನುಗ್ಗಿದೆ ಎಂದು ಗಾಬರಿಯಾಗಿ ಇನ್ನೊಂದು ಸುತ್ತು ರಬ್ಬರ್ ಅಂಟಿಸಿ, ಬಲ್ಬು ಬದಲಾಯಿಸಿ ಮೊದಲಿಗಿಂತ ದೊಡ್ಡದು ಹಾಕಿದ.

ಮಾರನೇ ದಿನ ಕೆಲಸದಿಂದ ಬಂದು ನೋಡಿದರೆ ಬೀರು ಕತ್ತಲೆ. ಪ್ಲಗ್ಗು ಗೋಡೆಯಿಂದ ಕಿತ್ತು ನೆಲದಲ್ಲಿ ಬಿದ್ದಿದೆ. ಮಂಚದ ಪಕ್ಕದ ಗೋಡೆಯಲ್ಲೇ ಅದರ ತೂತಿತ್ತು. ತಾಯಿ ಮಲಗಿದಲ್ಲಿಂದಲೇ ಕೋಲಿನ ಕೊಕ್ಕೆಯಲ್ಲಿ ವೈರು ಸಿಕ್ಕಿಸಿ ಎಳೆದಿದ್ದಳು.

"ನಾನೇ ಆರಿಸಿದ್ದು. ಉರಿ ತಡೆಯೋಕಾಗಲಿಲ್ಲ. ಬೈಯೋ ಹಾಗಿದ್ರೆ ಬೈ" ಅಂದಳು.

ಬೈದ. ಜೀವಮಾನದ ಸಂಪಾದನೆ ಅಂದ, ಒಂದು ದಿನದ ತೇವಕ್ಕೆ ಎಲ್ಲ ಹಾಳಾಗುತ್ತದೆ ಅಂದ. ಮುದುಕಿ ಸುಮ್ಮನೆ ಚಾವಣಿ ನೋಡುತ್ತ ಬೈಸಿಕೊಂಡಳು. ಅವನು ಅಷ್ಟಕ್ಕೇ ಬಿಡಲಿಲ್ಲ. ವೈರನ್ನು ಬೀರುವಿನ ಹಿಂಬದಿಯಿಂದ ಎಳೆದು, ಮೇಲೆ ಕಿಟಕಿಯ ನೆತ್ತಿಯ ಹತ್ತಿರ ಇದ್ದ ಇನ್ನೊಂದು ಪ್ಲಗ್ಗಿಗೆ ಸಿಕ್ಕಿಸಿದ. ಸ್ಟೂಲಿನಿಂದ ಇಳಿದು ಕೈ ಒರೆಸಿಕೊಂಡು, "ಈಗ ಎಳಿ ನೋಡೋಣ" ಅಂದ. ಆ ಮಾತು ತಮಾಷೆಗೆ ಅಂದದ್ದು. ತಾಯಿಯೂ ನಕ್ಕಳು, ನಗುವಾಗ ಕೆಮ್ಮು ಬಂತು.

ಹೆಂಡತಿ ಮಾತ್ರ ನಗಲಿಲ್ಲ. ಗಂಡನಿಗೆ ಹೇಳದೆ ಗಡಿಯಾರದವನ ಅಂಗಡಿಗೆ ಹೋಗಿ, ಹಿಡಿ ಬೆವರುವುದನ್ನೂ ಹುಳಿ ವಾಸನೆಯನ್ನೂ ಹೇಳಿದಳು. ಅವನು ಕೈಯಲ್ಲಿದ್ದ ಚಿಮಟ ಹಾಗೇ ಕೆಳಗಿಟ್ಟು, ಅಂಗಡಿಗೆ ಬೀಗ ಕೂಡ ಹಾಕದೆ ಅವಳ ಹಿಂದೆ ಬಂದ. ಅವತ್ತು ರಜೆ, ತುಟಿರಾಯ ಮನೆಯಲ್ಲಿದ್ದ. ಬಂದವನು ಕುಶಲ ಕೇಳಲಿಲ್ಲ, ಕೂರಲೂ ಇಲ್ಲ.

"ಮೊದಲು ಆ ಬಲ್ಬು ಆರಿಸು."

"ಯಾಕೆ? ನಿನ್ನ ಅಪ್ಪಣೆನಾ?"

"ಅದು ಸೆಲ್ಯುಲಾಯ್ಡ್ ಕಣಯ್ಯಾ. ಕೊಳೀತಿದೆ. ನನ್ನ ಅಂಗಡೀಲಿ ಹಳೇ ಗಡಿಯಾರದ ಡಬ್ಬಿ ಒಂದಿತ್ತು, ಹೀಗೇ ಬೆವರ್ತು, ಹೀಗೇ ಹುಳಿ ನಾತ. ಬಿಸಿಲಲ್ಲಿ ಇಟ್ಟಿದ್ದೆ. ಭುಸ್ ಅಂತ ಹತ್ತಿಕೊಳ್ತು, ನೀರು ತರೋಷ್ಟರಲ್ಲಿ ಬೂದಿ. ಮೇಜು ಸುಟ್ಟಿದ್ದು ಈಗಲೂ ಇದೆ, ಬಾ ತೋರಿಸ್ತೀನಿ. ನೀನು ಅಮ್ಮನ ತಲೆ ಹತ್ತಿರ ಬೆಂಕಿ ಇಟ್ಟು ಕೂತಿದೀಯ."

"ಅವತ್ತು ಸಂತೇಲಿ ಗೆಲ್ಲೋಕಾಗಲಿಲ್ಲ, ಇವತ್ತು ಮನೆಗೆ ಬಂದಿದೀಯ ಗೆಲ್ಲೋಕೆ."

"ಸೂಜಿ ಕಾಯಿಸಿ ಚುಚ್ಚು. ದಂತ ಆದ್ರೆ ಇಳಿಯಲ್ಲ. ಇಳಿಯಲಿಲ್ಲ ಅಂದ್ರೆ ಎಲ್ಲರ ಮುಂದೆ ನಿನ್ನ ಕಾಲಿಗೆ ಬೀಳ್ತೀನಿ."

"ಹೊರಗೆ ನಡಿ" ಅಂದ ತುಟಿರಾಯ. ಗೆಳೆಯ ಮುದುಕಿಯ ಮುಖ ನೋಡಿದ, ಸೊಸೆಯ ಮುಖ ನೋಡಿದ, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಹೋದ. ಬಾಗಿಲಲ್ಲಿ ತಿರುಗಿ, "ಮಂಚನಾದ್ರೂ ಎಳೆದು ಆಚೆ ಹಾಕು, ನಿನಗೆ ಕೈ ಮುಗೀತೀನಿ" ಅಂದದ್ದು ಬೀದಿಗೆಲ್ಲ ಕೇಳಿಸಿತು. ಬೀದಿಗೆಲ್ಲ ಕೇಳಿಸಿದ್ದಕ್ಕೇ ತುಟಿರಾಯ ಮಂಚ ಎಳೆಯಲಿಲ್ಲ. ಹೆಂಡತಿ ಮಂಚದ ಕಾಲಿಗೆ ಕೈ ಹಾಕಿದಾಗ, "ಮುಟ್ಟಿದ್ರೆ ನೋಡು" ಅಂದ. ಅವಳು ಕೈ ತೆಗೆದಳು. ಆಮೇಲೆ ಎಷ್ಟೋ ವರ್ಷ ಅವಳು ಆ ಕೈಯನ್ನು ಬೈದುಕೊಂಡಿದ್ದಾಳೆ.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಮುಂಚೆ ತಾಯಿಯ ಬಾಯಿಗೆ ಹಲ್ಲು ಹಾಕಿಕೊಟ್ಟ. ಅದು ದಿನವೂ ಅವನದೇ ಕೆಲಸ. ಬಟ್ಟಲಿನಿಂದ ತೆಗೆದ ಸೆಟ್ಟು ತುಟಿಗೆ ತಾಗಿದ ಕೂಡಲೇ ಮುದುಕಿ ಬೆಚ್ಚಿದಳು.

"ಅಬ್ಬಾ, ಎಷ್ಟು ತಣ್ಣಗಿದೆಯೋ! ಇದೂ ದಂತಾನೇನೋ?"

ಹೇಳಿ ಕಿಸಕ್ಕೆಂದಳು. ಅವನಿಗೆ ನಗು ಬರಲಿಲ್ಲ. ಸೊಸೆ ಮಾರ್ಕೆಟ್ಟಿಗೆ ಹೊರಟಿದ್ದಳು. "ಬೇಗ ಬಾ" ಅಂತ ಅವಳಿಗೆ ಹೇಳಿ ಹೊರಬಿದ್ದ. ಕಿಟಕಿಯಿಂದ ಬಿಸಿಲು ಆಗಲೇ ಬೀರುವಿನ ಗಾಜಿಗೆ ಬಡಿಯುತ್ತಿತ್ತು. ಒಳಗೆ ಬಲ್ಬು ಉರಿಯುತ್ತಲೇ ಇತ್ತು.

ಕಿಟಕಿಯಿಲ್ಲದ ಕೋಣೆಯಲ್ಲಿ ಮೇಜಿನ ಮುಂದೆ ಕೂತರೂ ಆ ಮಾತು ಕಿವಿಯಿಂದ ಇಳಿಯಲಿಲ್ಲ. ಉಜ್ಜಿ ಮುಗಿಸಿದ ಯಾರದೋ ಸೆಟ್ಟೊಂದು ನೀರಿನ ಬೋಗುಣಿಯಲ್ಲಿತ್ತು. ಎತ್ತಿ ತುಟಿಗೆ ಒತ್ತಿಕೊಂಡ. ತಣ್ಣಗೆ ಕೊರೆಯಿತು. ಇದನ್ನು ಕಲಸಿದ್ದು ತಾನೇ, ಪುಡಿ ಮತ್ತು ದ್ರವ, ಆನೆಗೂ ಇದಕ್ಕೂ ಏನು ಸಂಬಂಧ? ಅಸಲಿ ದಂತ ಹೇಗಿರುತ್ತದೆಂದು ತೋರಿಸಲು ಇಟ್ಟುಕೊಂಡಿದ್ದ ಒಂದು ತುಂಡು ಖಾನೆಯಲ್ಲಿತ್ತು, ಅದನ್ನೂ ನೀರಿಗೆ ಹಾಕಿ ತೆಗೆದ. ಕಣ್ಣು ಮುಚ್ಚಿ ಒಂದನ್ನು ಒತ್ತಿದ, ಇನ್ನೊಂದನ್ನು ಒತ್ತಿದ. ಮೊದಲ ಕ್ಷಣಕ್ಕೆ ಎರಡೂ ಒಂದೇ. ಆ ಚಳಿಯ ಬೆಳಿಗ್ಗೆ ತಾನು ಎಷ್ಟು ಹೊತ್ತು ಒತ್ತಿ ಹಿಡಿದಿದ್ದೆ? ಬೆಚ್ಚಗಾಗುತ್ತದೋ ಇಲ್ಲವೋ ಅಂತ ಕಾದಿದ್ದೆನೇ? ಕಾದಿರಲಿಲ್ಲ. ಜನ ನೋಡುತ್ತಿದ್ದರು, ತಣ್ಣಗಿತ್ತು, ದಂತ ಅಂದುಬಿಟ್ಟಿದ್ದ.

ಮೇಣದ ದೀಪ ಆರಿಸಿದನೋ ಇಲ್ಲವೋ, ಮೈಮೇಲಿನ ಏಪ್ರನ್ನಿನಲ್ಲೇ ಬೀದಿಗೆ ಇಳಿದ. ಮೊದಲು ಬೇಗ ಬೇಗ ನಡೆದ, ಆಮೇಲೆ ಓಡಿದ. ಪ್ಲಗ್ಗು ಕೀಳುವುದು, ಬೀರು ತೆಗೆಯುವುದು, ಕಠಾರಿ ಎತ್ತಿ ಹಿತ್ತಲ ತೊಟ್ಟಿಗೆ ಎಸೆಯುವುದು. ಆಮೇಲೆ ಬೇಕಾದರೆ ಸಂತೆಯ ನಡುವೆ ನಿಂತು ನಾನು ಕತ್ತೆ ಅಂತ ಕೂಗುತ್ತೇನೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ತಿರುವಿಗೆ ಬಂದಾಗ, ಅವನ ಹಾಗೇ ಇನ್ನೂ ಕೆಲವರು ಅದೇ ಕಡೆಗೆ ಓಡುತ್ತಿದ್ದರು. ಅವರು ಯಾಕೆ ಓಡುತ್ತಿದ್ದಾರೆಂದು ಅವನು ಯಾರನ್ನೂ ಕೇಳಲಿಲ್ಲ.

ಮುಂದಿನ ಕೋಣೆಯ ಕಿಟಕಿಯಿಂದ ಹಳದಿ ಹೊಗೆ ಬರುತ್ತಿತ್ತು. ಇಸ್ತ್ರಿ ಅಂಗಡಿಯವನೂ ಎದುರುಮನೆಯವರೂ ಬಾಗಿಲು ಒಡೆದು ಮುದುಕಿಯನ್ನು ಚಾದರದಲ್ಲಿ ಹೊರಗೆ ತಂದು ಜಗಲಿಯ ಮೇಲೆ ಮಲಗಿಸಿದ್ದರು. ಮೈ ಅಷ್ಟೇನೂ ಸುಟ್ಟಿರಲಿಲ್ಲ. ಆ ಹೊಗೆಯೇ ಸಾಕಾಗಿತ್ತು. ಅವನು ಪಕ್ಕದಲ್ಲಿ ಕುಸಿದು ಕೂತು ಅಮ್ಮಾ, ಅಮ್ಮಾ ಅಂತ ಕೆನ್ನೆ ತಟ್ಟಿದ. ಬೆಳಿಗ್ಗೆ ತಾನೇ ಹಾಕಿಕೊಟ್ಟ ಹಲ್ಲು ಬಾಯಲ್ಲಿ ಹಾಗೇ ಇತ್ತು. ಆಗ ಅವನು ಅತ್ತ ಅಳು ಆ ಬೀದಿಯವರು ಮರೆತಿಲ್ಲ.

ಬೆಂಕಿ ಆರಿಸಲು ಬಂದವರು ಗೋಡೆ ನೋಡಿ, ವೈರು ಹಳೆಯದು, ಇಂಥದ್ದು ಆಗುತ್ತಿರುತ್ತದೆ ಅಂದರು. ನೆಂಟರೂ ಹಾಗೇ ಸಮಾಧಾನ ಹೇಳಿದರು. ಗಡಿಯಾರದವನು ಬಂದ. ನಾನು ಹೇಳಿರಲಿಲ್ಲವೇ ಅಂತ ಅವನು ಅನ್ನಲಿಲ್ಲ. ಅಂದಿದ್ದರೆ ತುಟಿರಾಯನಿಗೆ ಎಷ್ಟೋ ಹಗುರಾಗುತ್ತಿತ್ತು. ಗೆಳೆಯ ಅವನ ಹೆಗಲ ಮೇಲೆ ಕೈ ಇಟ್ಟು ಹೋದ.

ಎಲ್ಲ ಮುಗಿದ ಮೇಲೆ ಗಂಡ ಹೆಂಡತಿ ಆ ಕೋಣೆ ತೊಳೆಯಲು ಹೋದರು. ಬೀರುವಿನ ಕಟ್ಟಿಗೆ ಇದ್ದಿಲಾಗಿತ್ತು. ಅಲಗುಗಳು ಕಪ್ಪಾಗಿ ಬಿದ್ದಿದ್ದವು. ನಡುವಿನದಕ್ಕೆ ಹಿಡಿಯೇ ಇರಲಿಲ್ಲ, ಬರೀ ಕಬ್ಬಿಣದ ಬಾಲ, ಅದರ ತುದಿಯಲ್ಲಿ ಯಾರೂ ಎಂದೂ ಬಿಚ್ಚದ ಗುಬ್ಬಿ. ಅವನು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಹೆಂಡತಿ ಬೀರುವಿನ ಹಿಂದಿನ ಸಂದಿಯಿಂದ ಏನನ್ನೋ ಎಳೆದಳು. ಅತ್ತೆಯ ಊರುಗೋಲು. ಕೊಕ್ಕೆ ಮೇಲಾಗಿ ಗೋಡೆಗೆ ಒರಗಿ ಅಲ್ಲೇ ಸಿಕ್ಕಿಕೊಂಡಿತ್ತು. ಮಸಿ ಹಿಡಿದ ಗೋಡೆಯ ಮೇಲೆ ಅದು ಕೆರೆದ ಗೀರುಗಳು ಒಂದರ ಪಕ್ಕ ಒಂದು, ಕಿಟಕಿಯ ನೆತ್ತಿಯ ಕಡೆಗೆ ಹೋಗಿ ನಡುವೆಯೇ ನಿಂತಿದ್ದವು.

"ಅತ್ತೆಗೆ ಎಟುಕಿಲ್ಲ" ಅಂದಳು ಹೆಂಡತಿ.

ಅವನು ಕೋಲನ್ನು ಅವಳ ಕೈಯಿಂದ ತೆಗೆದುಕೊಂಡ. ಮಂಚವಿದ್ದ ಜಾಗದಲ್ಲಿ, ಆ ಮಸಿ ನೀರಿನಲ್ಲೇ, ತಾಯಿ ಮಲಗುತ್ತಿದ್ದ ಹಾಗೆ ಅಂಗಾತ ಮಲಗಿದ. ಮಲಗಿ, ಕೈ ನೀಡಿ, ಪಕ್ಕದ ಗೋಡೆಯ ಹಳೇ ಪ್ಲಗ್ಗಿನ ತೂತಿಗೆ ಕೋಲು ಚಾಚಿದ. ಮೊಣಕೈ ಪೂರ್ತಿ ಬಿಡಿಸಬೇಕಾಗಿಯೂ ಬರಲಿಲ್ಲ, ಕೊಕ್ಕೆ ಸಲೀಸಾಗಿ ಮುಟ್ಟಿತು.